ಮುಖವಾಡ ಇಲ್ಲದೆ ಮಕ್ಕಳು ಆನೆ, ಆಮೆ ಆಗುವುದು ಹೇಗೆ? ಸಲಹೆ ಬೇಕು

ಬ್ರಿಸ್ಬೇನ್ ಕನ್ನಡತಿ:
ಎಲ್ಲರಿಗೂ ನಮಸ್ಕಾರ. ಇಲ್ಲಿ ಪ್ರತಿ ಶನಿವಾರ 12 ಮಕ್ಕಳಿಗೆ ನಾಟಕ ಹೇಳಿಕೊಡುತ್ತೇನೆ, 6ರಿಂದ 11 ವರ್ಷದವರು. ನಮ್ಮೂರಿನ ಸರ್ಕಾ ಅನ್ನುವ ಸರ್ಕಸ್ ತಂಡದ 'ಕಾರ್ನಿವಲ್ ಆಫ್ ದಿ ಅನಿಮಲ್ಸ್' ನೋಡಿ ಬಂದಾಗಿನಿಂದ ಅಂಥದ್ದೇ ಒಂದು ನಾವೂ ಮಾಡೋಣ ಅಂತ ಮಕ್ಕಳು ಹಿಂದೆ ಬಿದ್ದಿದ್ದಾರೆ. ಅದರಲ್ಲಿ ನಿಜವಾದ ಪ್ರಾಣಿ ಒಂದೂ ಇಲ್ಲ, ಇರುವುದೆಲ್ಲ ಮನುಷ್ಯರ ಮೈ. ಆ ಪ್ರದರ್ಶನಕ್ಕೆ ಆಧಾರ, ಫ್ರೆಂಚ್ ಸಂಗೀತಗಾರ ಸ್ಯಾಂ ಸಾನ್ಸ್ ಬರೆದ ಅದೇ ಹೆಸರಿನ ಸಂಗೀತ, ಅದರಲ್ಲಿ ಆನೆ, ಆಮೆ ಹೀಗೆ ಒಂದೊಂದು ಪ್ರಾಣಿಗೆ ಒಂದೊಂದು ಭಾಗ. ಅದರ ಮೂಲ ರೂಪ ಹಾಕಿಕೊಂಡು ಅಭ್ಯಾಸ ಶುರು ಮಾಡಿದೆವು. ಆದರೆ ಆನೆ ಆದ ಹುಡುಗ ಮೂಗಿನ ಮುಂದೆ ಕೈ ಹಿಡಿದು ಸೊಂಡಿಲು ಆಡಿಸುತ್ತಾನೆ, ಹತ್ತು ಸೆಕೆಂಡಿಗೆ ಅದು ಮುಗಿಯಿತು, ಆಮೇಲೆ ಸುಮ್ನೆ ನನ್ನ ಮುಖ ನೋಡುತ್ತಾನೆ. ಆಮೆಗಳಂತೂ ಸಂಗೀತ ಬಿಟ್ಟು ಮುಂದೆ ಓಡಿಹೋಗುತ್ತವೆ. ಪೋಷಕರು ಮುಖವಾಡ ಮಾಡಿಸೋಣ ಅಂತಿದ್ದಾರೆ. ನನಗೆ ಯಾಕೋ ಮನಸ್ಸಿಲ್ಲ. ಏನು ಮಾಡಲಿ?

ಡಬಲ್ ಬಾಸ್ ಹುಚ್ಚ:
ಮೇಡಂ, ಮುಖವಾಡ ಬೇಡ. ಮೊದಲು ಆ ಆನೆಯ ಸಂಗೀತದಲ್ಲಿ ಏನಿದೆ ಅಂತ ಮಕ್ಕಳಿಗೆ ಹೇಳಿ. ಅಲ್ಲಿ ಡಬಲ್ ಬಾಸ್ ನುಡಿಸುವ ರಾಗಗಳಲ್ಲಿ ಎರಡು ಬೇರೆಯವರದ್ದು. ಒಂದು ಬರ್ಲಿಯೋಜ್ ಬರೆದ ಗಾಳಿದೇವತೆಗಳ ಕುಣಿತ, ಇನ್ನೊಂದು ಮೆಂಡೆಲ್ಸನ್ 'ಮಿಡ್‌ಸಮರ್ ನೈಟ್ಸ್ ಡ್ರೀಮ್' ನಾಟಕಕ್ಕೆ ಬರೆದ ಸ್ಕೆರ್ಜೊ, ಅಂದರೆ ಚುರುಕಾದ ತುಣುಕು. ಎರಡೂ ಹೂವಿನಷ್ಟು ಹಗುರ. ಸ್ಯಾಂ ಸಾನ್ಸ್ ಅದನ್ನು ತಂದು ವಾದ್ಯವೃಂದದಲ್ಲೇ ಅತಿ ದಪ್ಪ ದನಿಯ ತಂತಿವಾದ್ಯದ ಕೈಗೆ ಕೊಟ್ಟಿದ್ದಾನೆ! ಅಂದರೆ ಇದು ಸೊಂಡಿಲಿನ ಕಥೆ ಅಲ್ಲ, ಅಷ್ಟು ಭಾರದ ಜೀವವೊಂದು ಮನಸಾರೆ ಕುಣಿಯುವ ಕಥೆ. ಒಂದು-ಎರಡು-ಮೂರು ಎಣಿಕೆಯಲ್ಲಿ ಮೊದಲ ಹೆಜ್ಜೆ ಮಾತ್ರ ಭಾರವಾಗಿ ಇಡಿಸಿ, ನೋಡಿ.

ಆಮೆಯದ್ದೂ ಅದೇ ದಾರಿ. ಅದು 1858ರ ಆಫೆನ್‌ಬಾಕ್‌ನ ಕ್ಯಾನ್-ಕ್ಯಾನ್, ಕಾಲು ಎತ್ತಿ ಎತ್ತಿ ಕುಣಿಯುವ ಹಾಡು. ತಂತಿವಾದ್ಯಗಳು ಅದನ್ನೇ ವಿಪರೀತ ನಿಧಾನ ಮಾಡಿ ಎಳೆಯುತ್ತವೆ. ಮೊದಲು ಮೂಲ ಹಾಡು ಹಾಕಿ ಮಕ್ಕಳು ದಣಿಯುವ ತನಕ ಕುಣಿಯಲಿ. ಆಮೇಲೆ ಆಮೆ ಹಾಡು ಹಾಕಿ ಅದೇ ಹೆಜ್ಜೆ, ಒಂದೂ ಬಿಡದೆ, ನಿಧಾನವಾಗಿ ಹಾಕಲಿ. ಆಗ ಮುಂದೆ ಓಡುವುದಿಲ್ಲ, ಕೈತುಂಬ ಕೆಲಸ ಇರುತ್ತದೆ.

ಇನ್ನೊಂದು ಮಾತು. 1886ರಲ್ಲಿ ಇದನ್ನು ಬರೆದು ಆಪ್ತರ ಮುಂದೆ ನುಡಿಸಿದ ಮೇಲೆ, ತಾನು ಬದುಕಿರುವ ತನಕ ಪ್ರಕಟಿಸಬಾರದು ಅಂತ ಸ್ಯಾಂ ಸಾನ್ಸ್ ಪಟ್ಟು ಹಿಡಿದಿದ್ದ, ಹಂಸದ ಭಾಗ ಒಂದನ್ನು ಬಿಟ್ಟು. ಪೂರ್ತಿ ಕೃತಿ ಜನ ಕೇಳಿದ್ದು ಅವನು ತೀರಿಕೊಂಡ ಮೇಲೆ, 1922ರಲ್ಲಿ. ಗಂಭೀರ ಸಂಗೀತಗಾರ ಅನ್ನುವ ಹೆಸರು ಕೆಡುತ್ತದೆ ಅನ್ನುವ ಅಳುಕು. ಆದರೆ ತಮಾಷೆ ಎಲ್ಲ ಸ್ವರದಲ್ಲೇ ಇದೆ, ಮಕ್ಕಳು ಅದರ ಮೇಲೆ ಕೋಡಂಗಿ ಆಟ ಸೇರಿಸಬೇಕಿಲ್ಲ. ಆನೆ ನಿಜವಾಗಿ ಚೆನ್ನಾಗಿ ಕುಣಿಯಲು ನೋಡಬೇಕು. ಆಗಲೇ ನೋಡುವವರಿಗೆ ಖುಷಿ.

ಲಾಗ ಮಾಸ್ತರ:
ಮೇಲಿನವರ ಮಾತು ಒಪ್ಪುತ್ತೇನೆ. ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುವವನಾಗಿ ಹೇಳುವುದಾದರೆ, ಮುಖವಾಡ ಹಾಕಿದರೆ ಪಕ್ಕದ್ದು ಕಾಣುವುದಿಲ್ಲ, ಉರುಳುವಾಗ, ಹತ್ತುವಾಗ ಅದು ಅಪಾಯ. ಆನೆಗೆ ಮಗುವೊಂದು ಕೈಕಾಲೂರಿ ನಿಂತು ಬೆನ್ನ ಮೇಲೆ ಚಿಕ್ಕವರನ್ನು ಹೊರುವುದಾದರೆ, ಭಾರ ಸೊಂಟದ ಮೂಳೆಯ ಮೇಲೆ ಅಥವಾ ಭುಜದ ಮೇಲೆ ಬೀಳಲಿ, ನಡುಬೆನ್ನಿನ ಮೇಲೆ ಎಂದೂ ಬೇಡ. ಕೆಳಗೆ ಚಾಪೆ ಇರಲಿ, ಪಕ್ಕದಲ್ಲಿ ದೊಡ್ಡವರೊಬ್ಬರು ಇರಲಿ, ಎರಡು ಅಂತಸ್ತಿಗಿಂತ ಮೇಲೆ ಹೋಗಬೇಡಿ.

ಕಾಂಗರೂ ಕೂಡ ತಗೊಳ್ಳಿ. ಪಿಯಾನೊ ಪುಟ್ಟ ಪುಟ್ಟ ನೆಗೆತ ನೆಗೆದು, ಬೇಗ ಆಗಿ, ಮತ್ತೆ ನಿಧಾನ ಆಗಿ ನಿಲ್ಲುತ್ತದೆ. ಮಕ್ಕಳು ನೆಗೆಯುವುದನ್ನು ತಾವೇ ಕಲಿಯುತ್ತಾರೆ. ನೀವು ನಿಲ್ಲುವುದನ್ನು ಕಲಿಸಿ. ನಿಂತಾಗ ಕಿವಿ ನಿಮಿರಿದ ಹಾಗೆ ಕುತ್ತಿಗೆ ಗಟ್ಟಿ, ಉಸಿರು ಸಹ ಮೆಲ್ಲಗೆ. ಅಲ್ಲೇ ಪ್ರಾಣಿ ಕಾಣುವುದು.

ಕುಡ್ಲದ ಹುಡುಗ:
ನಮ್ಮ ಹುಲಿವೇಷ ನೆನಪಾಯಿತು. ದಸರಾಕ್ಕೆ ಮೈಗೆಲ್ಲ ಬಣ್ಣ ಬಳಿದುಕೊಂಡು ಗಂಟೆಗಟ್ಟಲೆ ನಿಂತಿರುತ್ತಾರೆ, ಆದರೂ ಅವರು ಹುಲಿ ಆಗುವುದು ತಾಸೆ ಅನ್ನುವ ಚರ್ಮವಾದ್ಯದ ಪೆಟ್ಟು ಬಿದ್ದಾಗಲೇ. ಲಾಗ ಹಾಕುವುದು, ಅಕ್ಕಿಮುಡಿಯನ್ನು (ಹುಲ್ಲಲ್ಲಿ ಕಟ್ಟಿದ ಅಕ್ಕಿಯ ಮೂಟೆ) ಹಲ್ಲಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವುದು, ಇದೆಲ್ಲ ಕಾಡಿನ ಹುಲಿ ಮಾಡುವ ಕೆಲಸ ಅಲ್ಲವಲ್ಲ, ಆದರೂ ನೋಡುವಾಗ ಹುಲಿಯ ಶಕ್ತಿಯೇ ಕಣ್ಣಿಗೆ ಕಟ್ಟುತ್ತದೆ. ಹಾಗಂತ ಬಣ್ಣ ಪೂರ್ತಿ ಬಿಡಬೇಡಿ ಅಕ್ಕಾ, ಒಂದು ಗೆರೆ ಬಣ್ಣ ಬಿದ್ದರೂ ಮಕ್ಕಳ ನಡಿಗೆ ಬದಲಾಗುತ್ತದೆ.

ಹಳೇ ಸರ್ಕಸ್ ನೋಡಿದವಳು:
ನಾನು ಚಿಕ್ಕವಳಿದ್ದಾಗ ಸರ್ಕಸ್ ಅಂದರೆ ಚಾಟಿಯ ಮುಂದೆ ಸ್ಟೂಲಿನ ಮೇಲೆ ಕೂತ ಸಿಂಹ. ನಮ್ಮ ಭಾರತದಲ್ಲಿ 1998ರಲ್ಲಿ ಸಿಂಹ, ಹುಲಿ, ಕರಡಿ, ಕೋತಿಗಳನ್ನು ಪಳಗಿಸಿ ಪ್ರದರ್ಶನ ಮಾಡಬಾರದು ಅಂತ ಸರ್ಕಾರ ಆದೇಶ ಹೊರಡಿಸಿತು, 2001ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಮೆರಿಕದಲ್ಲಿ 1942ರಲ್ಲಿ ರಿಂಗ್ಲಿಂಗ್ ಸರ್ಕಸ್ಸಿಗಾಗಿ ಸಂಗೀತಗಾರ ಸ್ಟ್ರಾವಿನ್‌ಸ್ಕಿ ಪೋಲ್ಕಾ ಅನ್ನುವ ಕುಣಿತದ ಸಂಗೀತ ಬರೆದುಕೊಟ್ಟ, ಬಾಲಂಚಿನ್ ನೃತ್ಯ ಸಂಯೋಜಿಸಿದ, 50 ಆನೆ, 50 ನರ್ತಕಿಯರು ಒಟ್ಟಿಗೆ ಕುಣಿದರು. ಆ ಆನೆಗಳನ್ನು ಕುಣಿಯುತ್ತೀಯಾ ಅಂತ ಯಾರು ಕೇಳಿದ್ದರು? ನಿಮ್ಮ ಹುಡುಗ ತಾನಾಗೇ ಇಷ್ಟಪಟ್ಟು ಆನೆ ಆಗುತ್ತಿದ್ದಾನೆ. ನನಗೆ ಈ ಸರ್ಕಸ್ಸೇ ಜಾಸ್ತಿ ಇಷ್ಟ.

ಹಂಸ ಯಾರು ಮಾಡುತ್ತಿದ್ದಾರೆ? ಚೆಲ್ಲೊ ಒಂದೇ ಉಸಿರಿನಲ್ಲಿ ಹರಿದ ಹಾಗಿರುತ್ತದೆ, ಕೆಳಗೆ ಎರಡು ಪಿಯಾನೊ ನೀರಿನ ಹಾಗೆ ಅಲುಗುತ್ತಿರುತ್ತವೆ. ಒಬ್ಬಳು ಹಂಸ ಆದರೆ ಉಳಿದವರು ನೀರು ಆಗಬಹುದು ಅಲ್ವಾ?

ಬ್ರಿಸ್ಬೇನ್ ಕನ್ನಡತಿ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಕ್ಯಾನ್-ಕ್ಯಾನ್ ಪ್ರಯೋಗ ಮಾಡಿದೆ. ಮೊದಲು ಮನೆ ಕಿತ್ತುಹೋಗುವ ಹಾಗೆ ಕುಣಿದರು. ಆಮೇಲೆ ಆಮೆ ಹಾಡು ಹಾಕಿದಾಗ ಒಂದು ಕಾಲು ಎತ್ತಿ ಇಳಿಸಲು ಅಷ್ಟು ಹೊತ್ತು ತಗೊಂಡು, ತೊಡೆ ನಡುಗುತ್ತಿದ್ದರೂ ಒಬ್ಬರೂ ಮುಂದೆ ಓಡಲಿಲ್ಲ. ಅತಿ ಚಿಕ್ಕವಳು "ಆಂಟಿ, ಆಮೆಗೂ ಕಾಲು ನೋಯುತ್ತಾ?" ಅಂತ ಕೇಳಿದಳು. ಮುಖವಾಡ ಬೇಡ ಅಂತ ಪೋಷಕರಿಗೆ ತಿಳಿಸಿದ್ದೇನೆ, ಕೆನ್ನೆಗೆ ಒಂದೊಂದು ಗೆರೆ ಬಣ್ಣ ಮಾತ್ರ. ಮುಂದಿನ ವಾರ ಆನೆ, ಅದರ ಮುಂದಿನ ವಾರ ನೀರು.