ಔಷಧಿ ಹೊಡೆದರೂ ಸಾಯದ ಭತ್ತದ ಕಳೆ: ನೀವೇನು ಮಾಡಿದಿರಿ?

ಪ್ರಶ್ನೆ: ನಮ್ಮದು ನೇರ ಬಿತ್ತನೆ ಭತ್ತ. ಮೂರು ವರ್ಷದಿಂದ ಬಿಸ್‌ಪೈರಿಬ್ಯಾಕ್ ಸೋಡಿಯಂ ಅನ್ನುವ ಕಳೆನಾಶಕ ಹೊಡೆಯುತ್ತಿದ್ದೇನೆ. ಮೊದಲ ವರ್ಷ ಗದ್ದೆ ಚೊಕ್ಕವಾಗಿತ್ತು. ಈಗ ಭತ್ತದ ಹಾಗೇ ಕಾಣುವ ಹುಲ್ಲು ಸಾಯುತ್ತಲೇ ಇಲ್ಲ. ಕಳೆದ ಬೆಳೆಗೆ ಪೆನಾಕ್ಸುಲಮ್ ತಂದೆ, ಅದೂ ಅಷ್ಟೇ. ಡೋಸ್ ಜಾಸ್ತಿ ಮಾಡಲಾ?

– ಬೇಡ. ನಾನು ಹಾಗೆ ಮಾಡಿ ಭತ್ತವನ್ನೇ ಹಳದಿ ಮಾಡಿಕೊಂಡೆ, ಹುಲ್ಲು ಆರಾಮಾಗಿತ್ತು. ಮೊದಲು ಸಿಂಪಡಣೆ ಸರಿಯಾಗಿತ್ತಾ ನೋಡಿ. ಹುಲ್ಲಿಗೆ ನಾಲ್ಕು ಎಲೆ ದಾಟಿದ ಮೇಲೆ ಹೊಡೆದಿದ್ದರೆ, ಇಲ್ಲವೇ ನೀರು ಬಸಿಯದೆ ಹೊಡೆದಿದ್ದರೆ ಔಷಧಿ ಸರಿಯಾಗಿ ಹಿಡಿಯುವುದಿಲ್ಲ. ಪಟ್ಟೆಪಟ್ಟೆಯಾಗಿ ಹುಲ್ಲು ಉಳಿದಿದ್ದರೆ ಅದು ನಾಜಲ್‌ನ ತಪ್ಪು. ಆದರೆ ಸತ್ತ ಗಿಡದ ಪಕ್ಕದಲ್ಲೇ ಅದೇ ಜಾತಿಯ, ಅದೇ ವಯಸ್ಸಿನ ಗಿಡ ಹಸಿರಾಗಿ ನಿಂತಿದೆಯಾ? ಹಾಗಾದರೆ ಅದು ಔಷಧಿಗೆ ಒಗ್ಗಿಕೊಂಡಿರಬಹುದು.

– ನೀವು ಬದಲಿಸಿದ್ದು ಹೆಸರನ್ನು ಮಾತ್ರ. ಬಿಸ್‌ಪೈರಿಬ್ಯಾಕ್, ಪೆನಾಕ್ಸುಲಮ್, ಪೈರಜೋಸಲ್ಫ್ಯೂರಾನ್ ಮೂರೂ ಗುಂಪು 2. ಗುಂಪು ಅಂದರೆ ಔಷಧಿ ಕಳೆಯನ್ನು ಕೊಲ್ಲುವ ಬಗೆಗೆ ಕೊಟ್ಟ ಸಂಖ್ಯೆ. ಈ ಮೂರೂ ಕಳೆಯೊಳಗಿನ ಒಂದೇ ಕಿಣ್ವವನ್ನು ತಡೆಯುತ್ತವೆ. ಒಂದಕ್ಕೆ ಬಗ್ಗದ ಹುಲ್ಲು ಮಿಕ್ಕವಕ್ಕೂ ಬಗ್ಗದೇ ಇರಬಹುದು. ಬೇರೆ ಗುಂಪಿನವು ಅಂದರೆ ಸೈಹಾಲೋಫಾಪ್ ಗುಂಪು 1, ಪ್ರೆಟಿಲಾಕ್ಲೋರ್ ಗುಂಪು 15. ಪ್ರೆಟಿಲಾಕ್ಲೋರ್ ಹಾಕುವುದು ಕಳೆ ಮೊಳೆಯುವ ಮುಂಚೆ. ನೇರ ಬಿತ್ತನೆಗಾದರೆ ಸೇಫ್ನರ್ (ಭತ್ತಕ್ಕೆ ಪೆಟ್ಟಾಗದಂತೆ ಕಾಯುವ ವಸ್ತು) ಸೇರಿಸಿದ್ದೇ ಬೇಕು, ಲೇಬಲ್ ಓದಿ. ಆದರೆ ಗುಂಪು ಬದಲಿಸುತ್ತಾ ಹೋದರೂ ಸಾಲದು, ಒಂದು ದಿನ ಅದೂ ಸೋಲುತ್ತದೆ. ನನ್ನನ್ನು ಉಳಿಸಿದ್ದು ಬಿತ್ತುವ ಮುಂಚಿನ ಕೆಲಸ. ಗದ್ದೆ ಮಟ್ಟ ಮಾಡಿ ನೀರು ಹಾಯಿಸಿದೆ. ಎರಡು ವಾರ ಸುಮ್ನೆ ಬಿಟ್ಟೆ. ಹುಲ್ಲೆಲ್ಲ ಹುಟ್ಟಿತು. ಮೇಲುಮೇಲೆ ಉತ್ತು ಕೊಂದು ಬಿತ್ತಿದೆ. ಆಳವಾಗಿ ಉತ್ತರೆ ಕೆಳಗಿನ ಬೀಜ ಮೇಲೆ ಬರುತ್ತದೆ, ಎಚ್ಚರ.

– ನಾನು ಒಂದು ಬೆಳೆ ನಾಟಿಗೆ ಹೋದೆ. ನಿಂತ ನೀರಲ್ಲಿ ಈ ಹುಲ್ಲು ಅಷ್ಟಾಗಿ ಹುಟ್ಟುವುದಿಲ್ಲ. ಸಾಲು ನಾಟಿಯಾದ್ದರಿಂದ ಸಾಲಿನ ನಡುವೆ ತಳ್ಳಿ ಕಳೆ ತೆಗೆಯುವ ಕೋನೋವೀಡರ್ ಕೂಡ ಓಡಿತು. ಜೇಕು ಮಾತ್ರ ಉಳಿಯಿತು, ಅದರ ಕತೆ ಬೇರೆ.

– ಉಳಿದ ನಾಲ್ಕು ಗಿಡವನ್ನು ಬಿಡಬೇಡಿ, ತೆನೆ ಬಲಿಯುವ ಮುಂಚೆ ಕೀಳಿ. ಗುರುತು ಸಿಗದಿದ್ದರೆ ಎಲೆ ಬಗ್ಗಿಸಿ ನೋಡಿ. ಎಲೆ ಕಾಂಡಕ್ಕೆ ಕೂಡುವ ಜಾಗದಲ್ಲಿ ಭತ್ತಕ್ಕೆ ಬಿಳಿ ಪೊರೆ ಇರುತ್ತದೆ, ಈ ಹುಲ್ಲಿಗೆ ಇರುವುದಿಲ್ಲ. ಕಟಾವು ಯಂತ್ರವನ್ನೂ ತೊಳೆಸಿ. ನಮ್ಮ ಗದ್ದೆಗೆ ಬೀಜ ಬಂದಿದ್ದೇ ಅದರಿಂದ ಅನಿಸುತ್ತದೆ.

ಕೇಳಿದವರು: ಎರಡೂ ಡಬ್ಬಿ ತೆಗೆದು ನೋಡಿದೆ. ಬಣ್ಣ ಬೇರೆ, ಕಂಪನಿ ಬೇರೆ, ಗುಂಪು ಮಾತ್ರ ಎರಡರದ್ದೂ ಒಂದೇ, ಗುಂಪು 2. ಹುಲ್ಲು ಇನ್ನೂ ತೆನೆ ಹೊಡೆದಿಲ್ಲ. ನಾಳೆಯಿಂದ ಕೀಳುತ್ತೇವೆ.