ಲಿಲಿಯೆನ್ ಬರೆದ ‘ಯೂಡಾ’ ಚಿತ್ರಗಳು: ಎಚ್ಚಿಂಗೋ, ಮರದಚ್ಚೋ?

ಪ್ರಶ್ನೆ:
ಚಿತ್ರಕಲಾವಿದ ಎಫ್ರಾಯಿಮ್ ಮೋಸೆಸ್ ಲಿಲಿಯೆನ್ 1900ರ ‘ಯೂಡಾ’ ಕವನಸಂಕಲನಕ್ಕೆ ಬರೆದ ಚಿತ್ರಗಳ ಬಿಡಿಹಾಳೆಗಳನ್ನು ಒಬ್ಬರು ಎಚ್ಚಿಂಗ್ (ತಗಡಿನಲ್ಲಿ ಆಮ್ಲದಿಂದ ಕೊರೆದ ಗೀರಿಗೆ ಮಸಿ ತುಂಬಿ ತೆಗೆದ ಅಚ್ಚು) ಎಂದು ಮಾರುತ್ತಾರೆ, ಇನ್ನೊಬ್ಬರು ಮರದಚ್ಚು (ಮರದ ಹಲಗೆ ಕೆತ್ತಿ ಒತ್ತಿದ ಅಚ್ಚು) ಎನ್ನುತ್ತಾರೆ. ಯಾವುದು ಸರಿ? ಹಾಳೆ ಕೈಯಲ್ಲಿದ್ದರೆ ಗುರುತಿಸುವುದು ಹೇಗೆ?

ಉತ್ತರ 1:
ಎರಡೂ ಅಲ್ಲ. ಅವು ಕಪ್ಪು ಶಾಯಿಯ ರೇಖಾಚಿತ್ರಗಳು. ಅಚ್ಚಾದದ್ದು ಜಿಂಕ್ ಬ್ಲಾಕಿನಿಂದ, ಅಂದರೆ ಚಿತ್ರದ ಗೆರೆಗಳು ಉಬ್ಬಿ ನಿಲ್ಲುವಂತೆ ಕೊರೆದ ಸತುವಿನ ತಗಡಿನಿಂದ.

ಮೂಲಚಿತ್ರದ ಫೋಟೋ ತೆಗೆದು, ಬೇಕಾದ ಅಳತೆಗೆ ನೆಗೆಟಿವ್ ಮಾಡುತ್ತಿದ್ದರು. ಸತುವಿನ ತಗಡಿಗೆ ಮೊಟ್ಟೆಯ ಬಿಳಿಲೋಳೆ, ಬೈಕ್ರೋಮೇಟ್ ಎಂಬ ಲವಣ ಬೆರೆಸಿದ ಲೇಪ. ನೆಗೆಟಿವ್ ಮೂಲಕ ಬೆಳಕು ಬಿದ್ದಲ್ಲಿ ಲೇಪ ಗಟ್ಟಿಯಾಗುತ್ತದೆ. ಮೇಲೆ ತೆಳುವಾಗಿ ಜಿಡ್ಡಿನ ಮಸಿ ಹಚ್ಚಿ ನೀರಲ್ಲಿ ತೊಳೆದರೆ ಗೆರೆಗಳಷ್ಟೇ ನಿಲ್ಲುತ್ತವೆ. ರಾಳದ ಪುಡಿ ಉದುರಿಸಿ, ಬಿಸಿಮಾಡಿ, ನೀರು ಬೆರೆಸಿದ ನೈಟ್ರಿಕ್ ಆಮ್ಲಕ್ಕೆ ಇಳಿಸುತ್ತಾರೆ.

ಕೆಡುವುದು ಇಲ್ಲೇ. ಒಂದೇ ಸಲಕ್ಕೆ ಆಳ ತೆಗೆಯಹೋದರೆ ಆಮ್ಲ ಪಕ್ಕದಿಂದ ನುಗ್ಗಿ ಗೆರೆಯ ಬುಡ ಕೊರೆಯುತ್ತದೆ. ಅಚ್ಚಿನ ಒತ್ತಡಕ್ಕೆ ಆ ಗೆರೆ ಮುರಿಯುತ್ತದೆ. ಹಾಗಾಗಿ ಸ್ವಲ್ಪ ಕೊರೆದು, ಗೆರೆಯ ಪಕ್ಕಗಳಿಗೆ ಮತ್ತೆ ಮಸಿ, ರಾಳ ಹಿಡಿಸಿ, ಮತ್ತೆ ಆಮ್ಲ, ಹೀಗೆ ಹಲವು ಸರದಿ. ಅಗಲವಾದ ಬಿಳಿಜಾಗವನ್ನು ಇನ್ನೂ ಆಳಕ್ಕೆ ಕೆತ್ತದಿದ್ದರೆ ರೋಲರಿನ ಮಸಿ ತಳಕ್ಕೆ ತಾಗಿ ಕಲೆಯಾಗುತ್ತದೆ. ಕೊನೆಗೆ ತಗಡನ್ನು ಮರದ ತುಂಡಿಗೆ ಹೊಡೆದು ಅಚ್ಚುಮೊಳೆಯ (ಅಕ್ಷರ ಅಚ್ಚಾಗುವ ಸೀಸದ ತುಂಡಿನ) ಎತ್ತರಕ್ಕೆ, ಜರ್ಮನಿಯಲ್ಲಿ ಸುಮಾರು 23.5 ಮಿ.ಮೀ.ಗೆ, ತರುತ್ತಿದ್ದರು. ಆಗ ಪದ್ಯವೂ ಚಿತ್ರವೂ ಒಂದೇ ಪುಟದಲ್ಲಿ, ಒಂದೇ ಸಲಕ್ಕೆ ಅಚ್ಚಾಗುತ್ತವೆ.

ಈ ವಿಧಾನಕ್ಕೆ ಬೂದುಬಣ್ಣ ಗೊತ್ತಿಲ್ಲ. ನೀರು ಬೆರೆತ ಶಾಯಿಯ ಗೆರೆ ತುಂಡುತುಂಡಾಗಿ ಬರುತ್ತದೆ. ಲಿಲಿಯೆನ್ ಪುಟಗಳ ದಟ್ಟ ಕಪ್ಪು, ಚುಕ್ಕೆ, ಒತ್ತೊತ್ತಾದ ಸಮಾನಾಂತರ ಗೆರೆ ಎಲ್ಲವೂ ಈ ಬ್ಲಾಕಿಗೆ ಒಗ್ಗುವಂಥವು. ಅದೇ ಅವರ ದೊಡ್ಡ ಜಾಣ್ಮೆ ಎಂದು ನನ್ನ ಅಭಿಪ್ರಾಯ.

ಉತ್ತರ 2:
ಗುರುತಿಸಲು 10 ಪಟ್ಟು ಹಿಗ್ಗಿಸುವ ಭೂತಗನ್ನಡಿ ಸಾಕು. ಬ್ಲಾಕಿನ ಗೆರೆಯಲ್ಲಿ ಮಸಿ ಅಂಚಿಗೆ ಒತ್ತರಿಸಿ ಅಲ್ಲಿ ಕಪ್ಪು ಹೆಚ್ಚಿರುತ್ತದೆ. ಹಾಳೆಯ ಹಿಂಬದಿಯಲ್ಲಿ ಕೆಲವೊಮ್ಮೆ ಉಬ್ಬು ಸಿಗುತ್ತದೆ. ಎಚ್ಚಿಂಗಿನಲ್ಲಿ ಒದ್ದೆ ಕಾಗದ ತಗಡಿನ ಗೀರಿನೊಳಗಿನ ಮಸಿಯನ್ನು ಎಳೆದುಕೊಳ್ಳುವುದರಿಂದ ಗೆರೆಯೇ ಉಬ್ಬಿರುತ್ತದೆ, ಓರೆಬೆಳಕಿನಲ್ಲಿ ಕಾಣುತ್ತದೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ಗುರುತನ್ನೊಂದೇ ನಂಬಬೇಡಿ: ಅಂಚು ಕತ್ತರಿಸಿದ್ದರೆ ಅದು ಇರುವುದಿಲ್ಲ, ಖಾಲಿ ತಗಡು ಒತ್ತಿಯೂ ಅದನ್ನು ಮೂಡಿಸಬಹುದು.

ಮರದಚ್ಚಿನಿಂದ ಬೇರ್ಪಡಿಸುವುದು ಸ್ವಲ್ಪ ಕಷ್ಟ, ಎರಡೂ ಉಬ್ಬಚ್ಚುಗಳೇ, ಅಂದರೆ ಉಬ್ಬಿದ ಭಾಗಕ್ಕೆ ಮಸಿ ಹತ್ತಿ ಅಚ್ಚಾಗುವಂಥವು. ಕಪ್ಪು ಗೆರೆಗಳು ಒಂದರ ಮೇಲೊಂದು ಹಾಯುವಲ್ಲಿ ನೋಡಿ. ಮರದಲ್ಲಾದರೆ ನಡುವಿನ ಪ್ರತಿ ಬಿಳಿ ಚೌಕವನ್ನೂ ಉಳಿಯಿಂದ ತೆಗೆಯಬೇಕು. ಪೆನ್ನಿನ ಓಟ ಸಲೀಸಾಗಿ ದಾಟಿದ್ದರೆ ಬಹುಮಟ್ಟಿಗೆ ಜಿಂಕ್ ಬ್ಲಾಕೇ.

ಉತ್ತರ 3:
ಒಂದು ಸೇರ್ಪಡೆ. ಲಿಲಿಯೆನ್ ಮುಂದೆ, ಸುಮಾರು 1908ರಿಂದ, ನಿಜವಾಗಿಯೇ ಎಚ್ಚಿಂಗಿಗೆ ಕೈಹಾಕಿದರು. ಆದ್ದರಿಂದ ಅವರ ಹೆಸರಿನಲ್ಲಿರುವ ಎಚ್ಚಿಂಗ್‌ಗಳೆಲ್ಲ ಸುಳ್ಳಲ್ಲ; ‘ಯೂಡಾ’ ಹಾಳೆಗಳಿಗೆ ಆ ಹೆಸರು ಸಲ್ಲದು, ಅಷ್ಟೆ. ಪೆನ್ಸಿಲ್ ಸಹಿ ಇದ್ದ ಮಾತ್ರಕ್ಕೆ ಬ್ಲಾಕು ಎಚ್ಚಿಂಗ್ ಆಗುವುದಿಲ್ಲ. ಹೋಲಿಸಿ ನೋಡಲು ಬರ್ಲಿನ್ನಿನ ಕಲಾವಿದ ಹೆರ್ಮಾನ್ ಸ್ಟ್ರುಕ್ ಅವರ ಒಂದು ಹಾಳೆ ಪಕ್ಕಕ್ಕಿಟ್ಟುಕೊಳ್ಳಿ. ಅವರು ತಗಡಿನ ಮೇಲೇ ಗೀಚಿದವರು, 1908ರಲ್ಲಿ ಎಚ್ಚಿಂಗ್ ಕಲೆಯ ಕೈಪಿಡಿಯನ್ನೇ ಬರೆದವರು.

ಅಚ್ಚಿಗಾಗಿ ಕೈ ಪಳಗಿಸುವುದು ಲಿಲಿಯೆನ್‌ಗಿಂತ ಹಳೆಯದು. ಚಿತ್ರಕಾರ ಮೋರಿಟ್ಸ್ ಡೇನಿಯಲ್ ಒಪ್ಪೆನ್‌ಹೈಮ್ ತಮ್ಮ ಯೆಹೂದಿ ಕುಟುಂಬಜೀವನದ ಚಿತ್ರಗಳನ್ನು 1860ರ ದಶಕದಲ್ಲಿ ಫೋಟೋ ಪ್ರತಿಗಳಿಗೆಂದೇ ಬರಿಯ ಬೂದು ಛಾಯೆಗಳಲ್ಲಿ ಬರೆದರು. ಏಕೆಂದರೆ ಅಂದಿನ ಕೊಲೋಡಿಯನ್ ಫಲಕಕ್ಕೆ (ಫೋಟೋ ತೆಗೆಯುವ ಗಾಜಿನ ಹಲಗೆಗೆ) ನೀಲಿ ಬಿಳಿಯಾಗಿ, ಕೆಂಪು ಕಪ್ಪಾಗಿ ಕಾಣುತ್ತಿತ್ತು.