ಅಪ್‌ಡೇಟ್: ಹಿತ್ತಿಲ ಕ್ಯಾಮೆರಾದ ಬ್ಯಾಟರಿ ಈಗ ಹೆಚ್ಚು ದಿನ ಬರುತ್ತಿದೆ

ಹಿತ್ತಿಲ ಬಾಗಿಲ ಮೇಲಿನ ವೈರ್‌ಲೆಸ್ ಕ್ಯಾಮೆರಾದ ಬ್ಯಾಟರಿ ಐದೇ ದಿನಕ್ಕೆ ಖಾಲಿಯಾಗುತ್ತೆ, ವೈಫೈ ಒಂದೇ ಕಡ್ಡಿ ತೋರಿಸುತ್ತೆ, ಹೊಸ ಬ್ಯಾಟರಿ ತಗೊಳ್ಳಲಾ ಅಂತ ಕೇಳಿದ್ದೆ. ‘ಮೊದಲು ಸಿಗ್ನಲ್ ನೋಡಿ’ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಅವರು ಹೇಳಿದ್ದೇ ಸರಿ.

ಆ್ಯಪ್‌ನಲ್ಲಿ ನೋಡಿದರೆ ಸಿಗ್ನಲ್ ಮೈನಸ್ 81 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು). ಇಷ್ಟು ಕಡಿಮೆಯಾದರೆ ಡೇಟಾ ಸರಿಯಾಗಿ ತಲುಪದೆ, ಕ್ಯಾಮೆರಾ ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತೆ. ಅಷ್ಟು ಹೊತ್ತೂ ರೇಡಿಯೊ ಎಚ್ಚರವಾಗಿರಬೇಕು, ಚಾರ್ಜ್ ಸೋರುವುದು ಅಲ್ಲೇ. ನಮ್ಮ ರೂಟರ್ ಇದ್ದದ್ದು ಕಬ್ಬಿಣದ ಬೀರುವಿನ ಹಿಂದೆ, ನೆಲದ ಮೇಲೆ. ಅದನ್ನು ತೆಗೆದು ತಲೆಮಟ್ಟದ ಶೆಲ್ಫಿನಲ್ಲಿಟ್ಟೆ. ತಕ್ಷಣ ಮೈನಸ್ 64ಕ್ಕೆ ಬಂತು! ರೂಟರ್‌ನಲ್ಲಿ ವೈಫೈನ 2.4 ಗಿಗಾಹರ್ಟ್ಸ್ ಚಾನೆಲ್ ಬದಲಿಸಿದ್ದರಿಂದ ಮಾತ್ರ ಅಂಥ ವ್ಯತ್ಯಾಸ ಕಾಣಲಿಲ್ಲ.

ಆದರೂ ಬ್ಯಾಟರಿ ಬೇಗ ಇಳಿಯುತ್ತಿತ್ತು. ಎದುರಿಗೆ ಏನಾದರೂ ಅಲ್ಲಾಡಿದಾಗಲೆಲ್ಲ ಕ್ಯಾಮೆರಾ ಎಚ್ಚರಗೊಂಡು ಒಂದು ಕ್ಲಿಪ್ ರೆಕಾರ್ಡ್ ಮಾಡುತ್ತೆ. ಒಂದು ದಿನದ ಕ್ಲಿಪ್‌ಗಳನ್ನೆಲ್ಲ ಕೂತು ನೋಡಿದೆ, 140ಕ್ಕೂ ಹೆಚ್ಚಿದ್ದವು. ಮುಕ್ಕಾಲು ಪಾಲು ಒಂದೇ ದೃಶ್ಯ: ಲೆನ್ಸಿನ ಮುಂದೆ ಗಾಳಿಗೆ ತೂಗುವ ಬಳ್ಳಿಯ ತುದಿ, ರಾತ್ರಿ ಇನ್‌ಫ್ರಾರೆಡ್ ಬೆಳಕಿಗೆ ಬೆಳ್ಳಗೆ ಹೊಳೆಯುವ ನಾಲ್ಕು ಎಲೆ. ಬಳ್ಳಿ ಕತ್ತರಿಸಿದೆ, ಮೋಷನ್ ಝೋನ್ (ಕ್ಯಾಮೆರಾ ಚಲನೆ ಗಮನಿಸುವ ಜಾಗ) ಗೇಟಿನ ದಾರಿಗಷ್ಟೇ ಎಳೆದೆ, ಕ್ಲಿಪ್ ಅವಧಿ 30 ಸೆಕೆಂಡಿನಿಂದ 10ಕ್ಕೆ ಇಳಿಸಿದೆ. ಯಾರಾದರೂ ಇದೇ ಕಷ್ಟದಲ್ಲಿದ್ದರೆ ದಯವಿಟ್ಟು ಕ್ಲಿಪ್‌ಗಳನ್ನು ಒಮ್ಮೆ ನೋಡಿ, ಸೆಟ್ಟಿಂಗ್ ಆಮೇಲೆ ಮುಟ್ಟಿ.

ಇವತ್ತಿಗೆ 16 ದಿನ, ಇನ್ನೂ 74% ಇದೆ. ಕಬ್ಬಿಣದ ಬಾಗಿಲು ಮುಚ್ಚಿದಾಗ ಸಿಗ್ನಲ್ ಮೈನಸ್ 70ಕ್ಕೆ ಇಳಿಯುತ್ತೆ, ಆದರೆ ವಿಡಿಯೊ ನಿಂತಿಲ್ಲ. ಹೊಸ ಬ್ಯಾಟರಿ ತಗೊಳ್ಳಲಿಲ್ಲ.